ಹಿತ್ತಲಲ್ಲಿ ಇಲ್ಲದ ಹುಣಸೆಮರ

ಅಣ್ಣ ಬಾಗಿಲು ತಟ್ಟಿದಾಗ ತೆಗೆಯದೆ ಇದ್ದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಬರೆಯುವ ಧೈರ್ಯ ಬರುವುದಿಲ್ಲ. ಆ ಬಾಗಿಲು ಮರದ್ದಲ್ಲ, ಹುಣಸೂರಿನ ನಮ್ಮ ಆಫೀಸಿನಲ್ಲಿದ್ದ ಒಂದು ಕಂಪ್ಯೂಟರಿನದು. ಅವನು ತಟ್ಟಿದ್ದೂ ಕೈಯಿಂದಲ್ಲ, ಹಂಪಾಪುರದಿಂದ ಟೆಲಿಫೋನ್ ತಂತಿಯ ಮೇಲೆ. ಆದರೂ ತಟ್ಟಿದ್ದು ನಿಜ. ನಾನು ಒಳಗೆ ಕೂತು ನೋಡುತ್ತಿದ್ದದ್ದೂ ನಿಜ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಪಿಯುಸಿ ಮುಗಿಸಿ, ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಒಂದು ಆರೋಗ್ಯ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕ್ಷಯ ಇರುವವರನ್ನು ಹುಡುಕಿ, ಅವರು ಮಾತ್ರೆ ತಪ್ಪಿಸದ ಹಾಗೆ ನೋಡಿಕೊಳ್ಳುವುದು ಸಂಸ್ಥೆಯ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಸಣ್ಣ ಸಣ್ಣ ಕೇಂದ್ರಗಳಿದ್ದವು. ಒಂದು ಕೋಣೆ, ಒಂದು ಕಂಪ್ಯೂಟರು, ಒಂದು ಫೋನು, ನೋಡಿಕೊಳ್ಳಲು ಒಬ್ಬರು. ಹಂಪಾಪುರದ ಕೇಂದ್ರ ಅಣ್ಣನದು. ಮದುವೆಯಾದ ಮೇಲೆ ಅವನು ಅತ್ತಿಗೆಯ ಊರಿನ ಕಡೆಗೇ ಹೋಗಿ ನೆಲೆಸಿದ್ದ. ನನಗೆ ಈ ಕೆಲಸ ಸಿಕ್ಕಿದ್ದೂ ಅವನು ಡಾಕ್ಟರಮ್ಮನಿಗೆ ಹೇಳಿದ್ದರಿಂದ. ಡಾಕ್ಟರಮ್ಮ ಎಂದರೆ ಸಂಸ್ಥೆ ಕಟ್ಟಿದವರು, ನಮ್ಮೆಲ್ಲರಿಗೂ ಮೇಲಿನವರು. ಆಫೀಸಿನಲ್ಲಿ ನನ್ನ ಎದುರು ಮೇಜಿನಲ್ಲೇ ಕೂರುತ್ತಿದ್ದರು.

ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ಒಂದೊಂದು ಕೇಂದ್ರವೂ ಫೋನ್ ತಂತಿಯ ಮೇಲೆ ನಮ್ಮ ಕಂಪ್ಯೂಟರನ್ನು ಸೇರಿಕೊಂಡು ಹಿಂದಿನ ದಿನದ ಪಟ್ಟಿ ಕಳಿಸಬೇಕು. ಯಾರು ಮಾತ್ರೆ ನುಂಗಿದರು, ಯಾರು ಬರಲಿಲ್ಲ, ಯಾರಿಗೆ ಕೆಮ್ಮು ನಿಂತಿಲ್ಲ. ಪಟ್ಟಿ ತಂತಿಗೆ ಬೀಳುವ ಮೊದಲೇ ಗುರುತು ಸಿಗದ ಹಾಗೆ ಕಲಸಿಹೋಗುತ್ತಿತ್ತು. ದಾರಿಯಲ್ಲಿ ಯಾರಾದರೂ ಕದ್ದು ನೋಡಿದರೂ ಅವರಿಗೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಇತ್ತ ಬಂದ ಮೇಲೆ ಡಾಕ್ಟರಮ್ಮನ ಕಂಪ್ಯೂಟರಿನಲ್ಲಿ ಮಾತ್ರ ಅದು ಬಿಚ್ಚಿಕೊಳ್ಳುತ್ತಿತ್ತು. ನನಗೆ ಕಾಣುತ್ತಿದ್ದದ್ದು ಲಕೋಟೆಯ ಹೊರಮೈ ಅಷ್ಟೇ. ಯಾವ ಕೇಂದ್ರ, ಎಷ್ಟು ಗಂಟೆಗೆ ಬಂತು, ಪಾಸ್‌ವರ್ಡು ಎಷ್ಟು ಸಲ ತಪ್ಪಿತು, ಎಷ್ಟು ಹೊತ್ತು ಇದ್ದು ಹೋಯಿತು. ಒಂದು ಕೇಂದ್ರಕ್ಕೆ ಪರದೆಯ ಮೇಲೆ ಒಂದು ಸಾಲು. ಎಲ್ಲ ಸರಿಯಿದ್ದರೆ ಬಿಳಿ ಸಾಲು, ಮೂರು ಸಲ ತಪ್ಪಿದರೆ ಕೆಂಪು. ಕೆಂಪಾದದ್ದನ್ನು ನಾವು ಅನುಮಾನದ ಸಾಲು ಎನ್ನುತ್ತಿದ್ದೆವು.

ಇದನ್ನೆಲ್ಲ ಕೂಡಿಸಿಕೊಟ್ಟವರು ಬಜಾರ್ ರಸ್ತೆಯ ರೇಡಿಯೋ ರಿಪೇರಿ ಅಂಗಡಿಯ ಭಾಯಿ. ಅವರ ತಂದೆ ಅದೇ ಅಂಗಡಿಯಲ್ಲಿ ಬೀಗ, ಛತ್ರಿ ರಿಪೇರಿ ಮಾಡುತ್ತಿದ್ದರಂತೆ. ಭಾಯಿ ರೇಡಿಯೋದಿಂದ ಟೀವಿಗೆ, ಟೀವಿಯಿಂದ ಕಂಪ್ಯೂಟರಿಗೆ ತಾವಾಗಿಯೇ ಓದಿಕೊಂಡು ಬಂದವರು. ಪ್ರತಿ ಕೇಂದ್ರದವರಿಗೂ ಒಂದೊಂದು ಫ್ಲಾಪಿ ಮಾಡಿಕೊಟ್ಟಿದ್ದರು. ಅದೇ ಬೀಗದ ಕೈ. ಅದನ್ನು ಹಾಕಿ, ಪಾಸ್‌ವರ್ಡ್ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ.

“ನೋಡಮ್ಮ,” ಎಂದು ಮೊದಲ ದಿನವೇ ಹೇಳಿದ್ದರು. “ಬೀಗ ಎಷ್ಟು ಗಟ್ಟಿಯಾಗಿದ್ರೂ ಬೀಗದ ಕೈ ಇನ್ನೊಬ್ಬರ ಜೇಬಲ್ಲಿದ್ರೆ ಏನ್ ಬಂತು? ಬೀಗ ನಾನ್ ನೋಡ್ಕೊತೀನಿ. ಕೈ ಯಾರ ಹತ್ರ ಐತೆ ಅನ್ನೋದು ನೀನ್ ನೋಡ್ಕೊ.”

ನಾನು ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ. ಮೊದಲ ವರ್ಷವೇ ಪಿರಿಯಾಪಟ್ಟಣದ ಕಡೆಯ ಒಂದು ಕೇಂದ್ರದಲ್ಲಿ ಹೀಗಾಯಿತು. ಅಲ್ಲಿಯ ಹೆಂಗಸು ನೆಂಟರ ಮದುವೆಗೆ ಹೋಗುವಾಗ ಫ್ಲಾಪಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಹೋದಳು. ಸಾಲು ಕೆಂಪಾಯಿತು. ನಾನು ಫೋನು ಮಾಡಿದೆ. ಆ ಕಡೆಯಿಂದ, “ನಾನೇ ಕಣವ್ವ, ಅವತ್ತು ನಿಮ್ಗೆ ಮಜ್ಜಿಗೆ ಕೊಟ್ಟಿರಲಿಲ್ವಾ, ಪಕ್ಕದ ಮನೆಯೋರು. ಪಾಪ, ಅವ್ಳು ಮದ್ವೆಗೋಗವ್ಳೆ,” ಎಂಬ ದನಿ ಕೇಳಿತು. ಮಜ್ಜಿಗೆ ಕೊಟ್ಟವರೇ ಎಂದು ಬಾಗಿಲು ತೆರೆದೆ. ಬೀಗದ ಕೈ ಹಾಕಿ ಒಳಗೆ ಬಂದವರಿಗೆ ಅವರ ತಾಲ್ಲೂಕಿನ ಪೂರ್ತಿ ಪಟ್ಟಿ ಓದಲು ಬರುವ ಹಾಗೆ ವಾಪಸು ಹೋಗುತ್ತಿತ್ತು. ಅದರಲ್ಲಿ ಒಬ್ಬ ಹುಡುಗಿಯ ಹೆಸರಿತ್ತು. ಸುದ್ದಿ ಊರೆಲ್ಲ ಹರಡಿ, ಒಂದು ವಾರಕ್ಕೆ ಅವಳಿಗೆ ನಿಶ್ಚಯವಾಗಿದ್ದ ಮದುವೆ ನಿಂತಿತು. ಮಾತ್ರೆ ಮುಗಿಸಿ ಪೂರ್ತಿ ವಾಸಿಯಾಗಲು ಅವಳಿಗೆ ಎರಡೇ ತಿಂಗಳು ಉಳಿದಿದ್ದವು.

ಅವಳ ತಾಯಿ ಆಫೀಸಿಗೆ ಬಂದು ಬಯ್ಯಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದು ಎದ್ದುಹೋದರು. ನೀರು ಕೊಟ್ಟರೆ ಕುಡಿಯಲಿಲ್ಲ.

ಅದಾದ ಮೇಲೆ ಡಾಕ್ಟರಮ್ಮ ಒಂದು ದಪ್ಪ ಪುಸ್ತಕ ತರಿಸಿದರು. ಪ್ರತಿ ಕೇಂದ್ರದವರೂ ಹುಣಸೂರಿಗೆ ಬಂದು, ತಮಗೆ ಬೇಕಾದ ಒಂದು ಪ್ರಶ್ನೆ ಮತ್ತು ಅದಕ್ಕೆ ಉತ್ತರ ಬರೆಸಿ ರುಜು ಹಾಕಿ ಹೋಗಬೇಕು. ಸಾಲು ಕೆಂಪಾದರೆ ನಾನು ಮೊದಲು ಅದನ್ನು ಕತ್ತರಿಸಬೇಕು. ಆಮೇಲೆ ಫೋನು ಮಾಡಿ ಪ್ರಶ್ನೆ ಕೇಳಬೇಕು. ಪುಸ್ತಕದಲ್ಲಿರುವ ಉತ್ತರವೇ ಬಂದರೆ ಬಾಗಿಲು ತೆರೆಯುವುದು. ಬರದಿದ್ದರೆ ಆ ಬೀಗದ ಕೈ ರದ್ದು. ಅವರು ಖುದ್ದಾಗಿ ಬಂದು ಹೊಸದು ಪಡೆಯಬೇಕು. ದನಿಯ ಗುರುತು ಲೆಕ್ಕಕ್ಕಿಲ್ಲ, ನೆಂಟಸ್ತನ ಲೆಕ್ಕಕ್ಕಿಲ್ಲ. ಭಾಯಿ ಇನ್ನೊಂದು ಮಾತು ಸೇರಿಸಿದರು.

“ಉತ್ತರ ತಪ್ಪು ಅಂತ ಮಾತ್ರ ಬಾಯ್ ಬಿಡ್ಬೇಡಮ್ಮ. ತಪ್ಪು ಅಂದ್ರೆ ಕಳ್ಳ ಇನ್ನೊಂದು ಹುಡುಕ್ಕೊಂಡ್ ಬರ್ತಾನೆ. ಸುಮ್ನೆ ‘ಆಯ್ತು, ನೋಡ್ತೀವಿ’ ಅನ್ನು, ಫೋನ್ ಇಡು.”

ಅಣ್ಣ ತನ್ನ ಪ್ರಶ್ನೆ ಬರೆಸಲು ಬಂದ ದಿನ ಚೆನ್ನಾಗಿ ನೆನಪಿದೆ. ಬರುವಾಗ ದಾರಿಯಲ್ಲಿ ಇಳಿದು ಒಂದು ಪೊಟ್ಟಣ ನೇರಳೆಹಣ್ಣು ತಂದಿದ್ದ. ನನ್ನ ಮುಂದಿಟ್ಟು ಬೆಂಚಿನ ಮೇಲೆ ಕೂತ.

“ಬರ್ಕೊ ಅಮ್ಮಿ. ನಮ್ಮ ಮನೆ ಹಿತ್ಲಲ್ಲಿ ಇದ್ದ ಮರ ಯಾವ್ದು?”

“ನೇರಳೆ,” ಎಂದು ಬರೆಯಲು ಹೊರಟೆ.

“ಏಯ್, ನಿಲ್ಲು ನಿಲ್ಲು. ನೇರಳೆ ಅಂತ ಗಾವಡಗೆರೆ ಸಂತೆಗ್ ಬರೋ ದನಕ್ಕೂ ಗೊತ್ತು. ಹುಣಸೆ ಅಂತ ಬರಿ.”

“ನಮ್ಮ ಹಿತ್ಲಲ್ಲಿ ಹುಣಸೆ ಎಲ್ಲಿತ್ತಣ್ಣ?”

“ಇರ್ಲಿಲ್ಲ. ಯಾರ ಹಿತ್ಲಲ್ಲೂ ಇರಕಿಲ್ಲ. ಹುಣಸೆಮರದಲ್ಲಿ ದೆವ್ವ ಇರ್ತದೆ ಅಂತ ಮನೆ ತಾವ ಯಾರ್ ಹಾಕ್ತಾರೆ? ಅದ್ಕೇ ಯಾವ ಕಳ್ಳನ ತಲೆಗೂ ಹೊಳೆಯಕಿಲ್ಲ. ಹೆಂಗೆ ನಿಮ್ಮಣ್ಣನ ಬುದ್ಧಿ?”

ಡಾಕ್ಟರಮ್ಮನೂ ನಕ್ಕರು. ನಾನು ‘ಹುಣಸೆ’ ಎಂದು ಬರೆದೆ. ಅವನು ಕೆಳಗೆ ರುಜು ಹಾಕಿದ. ಮೊದಲ ಅಕ್ಷರದ ಬಾಲವನ್ನು ಕೊನೆಯ ಅಕ್ಷರದವರೆಗೆ ಎಳೆಯುವ, ಹೈಸ್ಕೂಲಿನಲ್ಲಿ ರೂಢಿ ಮಾಡಿಕೊಂಡ ರುಜು.

ನಮ್ಮ ಊರು ಗಾವಡಗೆರೆಗೆ ಹತ್ತಿರ. ಹಿತ್ತಲಿನ ನೇರಳೆಮರದ ತುಂಬ ಹಣ್ಣು. ಹಣ್ಣು ತಿಂದರೆ ಗಂಟಲು ಕಟ್ಟುತ್ತದೆ ಎಂದು ಅವ್ವ ಬಿಡುತ್ತಿರಲಿಲ್ಲ. ಅಣ್ಣ ಹತ್ತಿ ಕೊಂಬೆ ಅಲ್ಲಾಡಿಸುತ್ತಿದ್ದ, ನಾನು ಲಂಗದಲ್ಲಿ ಹಿಡಿಯುತ್ತಿದ್ದೆ. ತಿಂದಿಲ್ಲ ಎಂದು ಇಬ್ಬರೂ ಆಣೆ ಹಾಕುತ್ತಿದ್ದೆವು. ಅವ್ವ ಜಗಳವಾಡುತ್ತಿರಲಿಲ್ಲ. “ನಾಲಿಗೆ ತೋರ್ಸಿ,” ಎನ್ನುತ್ತಿದ್ದಳು, ಅಷ್ಟೇ. ನಾಲಿಗೆ ಹೊರಗೆ ಬಂದರೆ ಕಡುನೇರಳೆ. ಅಣ್ಣನಿಗೆ ಎರಡೇಟು, ನನಗೆ ಒಂದು. ದೊಡ್ಡವರಾದ ಮೇಲೂ ನಮ್ಮಿಬ್ಬರಲ್ಲಿ ಯಾರಾದರೂ ಏನಾದರೂ ಮುಚ್ಚಿಡುತ್ತಿದ್ದೇವೆ ಅನಿಸಿದರೆ ಇನ್ನೊಬ್ಬರು “ನಾಲಿಗೆ ತೋರ್ಸು” ಎನ್ನುವುದು ರೂಢಿಯಾಗಿತ್ತು.

ಆ ವರ್ಷದ ಆಯುಧಪೂಜೆಯ ಮಾರನೆಯ ಕೆಲಸದ ದಿನ ಹಂಪಾಪುರದ ಸಾಲು ಮೊದಲ ಸಲ ಕೆಂಪಾಯಿತು. ನಿಯಮದಂತೆ ಕತ್ತರಿಸಿ ಫೋನು ಮಾಡಿದೆ.

“ಹಿತ್ಲಲ್ಲಿ ಇದ್ದ ಮರ ಯಾವ್ದಣ್ಣ?”

“ಹುಣಸೆ ಕಣಮ್ಮಿ, ಹುಣಸೆ! ದೆವ್ವನೂ ಐತೆ, ಬೇಕಾದ್ರೆ ಮಾತಾಡ್ಸು. ನಾಲಿಗೆ ತೋರಿಸ್ಲಾ?”

“ಬ್ಯಾಡ. ಏನ್ ಮಾಡ್ದೆ ಹೇಳು.”

ಮಾಡಿದ್ದಿಷ್ಟು. ಆಯುಧವೆಂದ ಮೇಲೆ ಎಲ್ಲಕ್ಕೂ ಪೂಜೆಯಾಗಬೇಕಲ್ಲ. ಕಂಪ್ಯೂಟರಿಗೆ ಮೂರು ಪಟ್ಟೆ ವಿಭೂತಿ, ಫೋನಿಗೆ ಚೆಂಡುಹೂವು. ಬೀಗದ ಕೈಯನ್ನು ಬಿಡಬಾರದೆಂದು ಫ್ಲಾಪಿಯ ತಗಡನ್ನು ಸರಿಸಿ ನಡುಮಧ್ಯಕ್ಕೆ ಒದ್ದೆ ಕುಂಕುಮ ಇಟ್ಟಿದ್ದ. ಅವನು ತಂದುಕೊಟ್ಟ ಫ್ಲಾಪಿಯನ್ನು ಭಾಯಿ ಬೆಳಕಿಗೆ ಹಿಡಿದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಾ ಅಲ್ಲಾ! ಬೀಗಕ್ಕೆ ಹೂ ಹಾಕು, ನಾನೂ ಹಾಕ್ತೀನಿ. ಬೀಗದ ಕೈಗೆ ಸ್ನಾನ ಮಾಡಿಸ್ತಾರೇನಪ್ಪ?” ಹೊಸ ಫ್ಲಾಪಿ ಮಾಡಿಕೊಟ್ಟರು. ಅಂದಿನಿಂದ ಅಣ್ಣ ಏನು ತಪ್ಪು ಮಾಡಿದರೂ ಆಫೀಸಿನಲ್ಲಿ ಅದಕ್ಕೆ ಕುಂಕುಮ ಎಂದೇ ಹೆಸರಾಯಿತು.

ಆ ನಗುವೇ ನನ್ನ ಕಣ್ಣು ಮುಚ್ಚಿತು.

ಅಣ್ಣ ದಿನಾ ಹತ್ತಕ್ಕೆ ಸರಿಯಾಗಿ ಬರುವವನು. ಎಲ್ಲರಿಗಿಂತ ಮೊದಲ ಸಾಲು ಅವನದೇ. ಮುಂದಿನ ಬೇಸಿಗೆಯಲ್ಲಿ ಅದು ಹತ್ತು ಕಾಲಾಯಿತು, ಹತ್ತೂವರೆಯಾಯಿತು. ಪಾಸ್‌ವರ್ಡು ಒಂದು ಸಲ ತಪ್ಪಿ ಎರಡನೆಯದಕ್ಕೆ ಸರಿಯಾಗುತ್ತಿತ್ತು, ಕೆಲವು ದಿನ ಎರಡು ಸಲ ತಪ್ಪಿ ಮೂರನೆಯದಕ್ಕೆ. ಒಂದು ದಿನ ಪಟ್ಟಿ ಕಳಿಸಿ ಹೋಗಿ, ಅರ್ಧ ಗಂಟೆಗೆ ಮತ್ತೆ ಬಂದು ಅದನ್ನೇ ಕಳಿಸಿದ. ಇವೆಲ್ಲ ನನ್ನ ಪರದೆಯ ಮೇಲೆ ಸಾಲುಸಾಲಾಗಿ ಬಿದ್ದಿದ್ದವು. ಬೇರೆ ಯಾವ ಕೇಂದ್ರದ್ದಾಗಿದ್ದರೂ ಡಾಕ್ಟರಮ್ಮನಿಗೆ ಹೇಳುತ್ತಿದ್ದೆ. ಅಣ್ಣನದಾದ್ದರಿಂದ ಫೋನು ಮಾಡಿ, “ಫ್ಲಾಪಿ ವರಸ್ಕೊ, ಧೂಳು ಕೂತೈತೆ,” ಎಂದೆ. “ವರಸ್ತೀನಿ ಬುಡು,” ಎಂದ. ಮೂರನೆಯ ತಪ್ಪಾಗುವ ಮೊದಲು ಸರಿಯಾಗುತ್ತಿದ್ದರಿಂದ ಸಾಲು ಬಿಳಿಯಾಗಿಯೇ ಇತ್ತು. ಬಿಳಿಯಿದ್ದರೆ ನನ್ನ ಕೆಲಸ ಮುಗಿದ ಹಾಗೆ.

ಆಷಾಢದಲ್ಲಿ ಒಂದು ದಿನ ಅದು ಕೆಂಪಾಯಿತು. ಹೊರಗೆ ಗಾಳಿ ಜೋರಾಗಿತ್ತು. ಡಾಕ್ಟರಮ್ಮ ಎದುರಿಗೇ ಕೂತು ಪಟ್ಟಿ ನೋಡುತ್ತಿದ್ದರು. ನಾನು ಸಾಲನ್ನು ಕತ್ತರಿಸಿ ಫೋನು ತಿರುಗಿಸಿದೆ.

“ಏನಣ್ಣ, ಮತ್ತೆ ಕುಂಕುಮನಾ?”

“ಇಲ್ಲ ಕಣಮ್ಮಿ. ಯಾಕೋ ಇವತ್ತು ಒಳಕ್ಕೇ ಬುಡ್ತಿಲ್ಲ. ನಿಮ್ಮ ಕಡೆ ಏನಾರ ಕೆಟ್ಟೈತಾ?”

“ನಮ್ಮ ಕಡೆ ಚೆನ್ನಾಗೈತೆ. ಪ್ರಶ್ನೆ ಕೇಳ್ತೀನಿ. ಹಿತ್ಲಲ್ಲಿ ಇದ್ದ ಮರ ಯಾವ್ದು?”

ಆ ಕಡೆ ರಸ್ತೆಯಲ್ಲಿ ಲಾರಿ ಹೋದ ಸದ್ದು ಕೇಳಿತು.

“ನೇರಳೆ,” ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. “ಅಣ್ಣ, ಡಾಕ್ಟರಮ್ಮ ಇಲ್ಲೇ ಅವ್ರೆ. ಸರಿಯಾಗೇಳು. ಯಾವ ಮರ?”

“ನೇರಳೆಮರ ಕಣಮ್ಮಿ! ನೀನು ಅದ್ರಿಂದ ಬಿದ್ದು ಮಂಡಿ ತರಚ್ಕಂಡಿರಲಿಲ್ವಾ? ಎಂಗ್ ಮರ್ತೋದೆ?”

ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಮರ ನಿಜ, ಬಿದ್ದದ್ದು ನಿಜ, ನನ್ನ ಮಂಡಿಯ ಮೇಲೆ ಆ ಕಲೆ ಇಂದಿಗೂ ಇದೆ. ಆ ದನಿ ನನ್ನ ಅಣ್ಣನದೇ ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಆದರೆ ಪುಸ್ತಕ ಮುಂದೆ ತೆರೆದಿತ್ತು. ನನ್ನದೇ ಅಕ್ಷರ, ಅವನದೇ ರುಜು, ನಡುವೆ ಹುಣಸೆ.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. “ಸರಿ ಹೇಳಿದ್ರಾ?”

ಒಂದು ಸಣ್ಣ ಮಾತು ಸಾಕಿತ್ತು. ‘ಹೇಳಿದ್ರು’ ಎಂದಿದ್ದರೆ ಅವರು ಪುಸ್ತಕ ತೆಗೆದು ನೋಡುತ್ತಿರಲಿಲ್ಲ. ಆದರೆ ಬಾಗಿಲ ಪಕ್ಕದ ಬೆಂಚು ನನಗೆ ಕಾಣುತ್ತಿತ್ತು. ನೀರು ಕುಡಿಯದೆ ಎದ್ದುಹೋದ ಆ ತಾಯಿ ಕಾಣುತ್ತಿದ್ದಳು. ಗುರುತಿನವರೆಂದು ಒಂದು ಸಲ ಬಾಗಿಲು ತೆರೆದು ಒಬ್ಬಳ ಬಾಳು ಕೆಡಿಸಿದ್ದೆ. ಈಗ ನನ್ನವನೆಂದು ಇನ್ನೊಂದು ಸಲ ತೆರೆಯುವುದು ಹೇಗೆ?

“ಇಲ್ಲ ಮೇಡಂ,” ಎಂದೆ. ಫೋನಿನಲ್ಲಿ, “ಆಯ್ತು, ನೋಡ್ತೀವಿ,” ಎಂದು ಇಟ್ಟೆ. ಅಣ್ಣನಿಗೆ ಆ ಮಾತು ಅಂದದ್ದು ಅದೇ ಮೊದಲು. ಅವನ ಬೀಗದ ಕೈಯನ್ನು ರದ್ದು ಮಾಡಿದೆ. ಪುಸ್ತಕದಲ್ಲಿ ಕಾರಣದ ಜಾಗದಲ್ಲಿ ‘ಉತ್ತರ ತಪ್ಪು’ ಎಂದು ಬರೆದೆ.

ಆಮೇಲಿನದೇ ಕಷ್ಟ. ಅವನಿಗೆ ಏನೂ ಗೊತ್ತಿಲ್ಲ. ನಾನು ಸರಿಮಾಡುತ್ತಿದ್ದೇನೆ ಎಂದುಕೊಂಡು ಮತ್ತೆ ಸೇರಿಕೊಳ್ಳಲು ನೋಡಿದ. ಪರದೆಯ ಮೇಲೆ ಹಂಪಾಪುರ ಎಂದು ಬರುವುದು, ಕೆಂಪಾಗುವುದು, ಕತ್ತರಿಸಿಹೋಗುವುದು. ಕಾಲು ಗಂಟೆಗೆ ಮತ್ತೆ ಹಂಪಾಪುರ. ಮಧ್ಯಾಹ್ನದ ಊಟದ ಹೊತ್ತಿಗೆ ಒಂಬತ್ತು ಸಲ ಎಣಿಸಿದೆ. ಆಮೇಲೆ ಎಣಿಸಲಿಲ್ಲ. ಸಾಲಿನೊಳಗೆ ಏನಿದೆ ಎಂದು ನನಗೆ ಯಾವತ್ತೂ ಕಾಣುತ್ತಿರಲಿಲ್ಲ. ಅವತ್ತು ಮಾತ್ರ ಕಂಡಿತು. ಕುರ್ಚಿಯ ತುದಿಗೆ ಸರಿದು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿರುವ ಅಣ್ಣ ಕಂಡ. ಸಂಜೆ ಡಾಕ್ಟರಮ್ಮನೇ ಫೋನು ಮಾಡಿ, ನಾಳೆ ಬಂದು ಹೊಸ ಫ್ಲಾಪಿ ತೆಗೆದುಕೊಂಡು ಹೋಗಿ ಎಂದು ಅವನಿಗೆ ತಿಳಿಸಿದರು.

ಮಾರನೆಯ ದಿನ ಬಸ್ಸು ಬರುವ ಹೊತ್ತಾಯಿತು, ಮೀರಿತು, ಅಣ್ಣ ಬರಲಿಲ್ಲ. ಸಿಟ್ಟಾಗಿರಬೇಕು ಎಂದುಕೊಂಡೆ. ಊಟದ ಡಬ್ಬಿ ತೆಗೆಯುವಾಗ ಕೆ.ಆರ್. ನಗರದ ಕೇಂದ್ರದಿಂದ ಫೋನು ಬಂತು. ಅಲ್ಲಿ ಇದ್ದವರು ವಯಸ್ಸಾದ ಒಬ್ಬರು. ಮಾತನ್ನು ಅಳೆದು ಆಡುವವರು.

“ಅಮ್ಮಯ್ಯ, ನಿಮ್ಮಣ್ಣ ಇಲ್ಲಿ ಬಂದು ಕುಂತವ್ರೆ.”

“ಅಲ್ಲಿಗ್ಯಾಕೆ ಹೋದ?”

“ಹುಣಸೂರು ಆಪೀಸು ಇದೇ ಅಂತಾವ್ರೆ ಕಣವ್ವ. ನಮ್ಮ ಅಮ್ಮಿ ಎಲ್ಲೋದ್ಲು, ಕರೀರಿ ಅಂತಾವ್ರೆ. ನಾನೂ ಮೊದ್ಲು ತಮಾಸೆ ಅಂದ್ಕಂಡೆ.” ದನಿ ತಗ್ಗಿಸಿ, “ತಮಾಸೆ ಅಲ್ಲ. ನೀನ್ ಬಾ,” ಎಂದರು.

ಬಸ್ಸಿನಲ್ಲಿ ಕೂತು ಆ ತಿಂಗಳುಗಳ ಸಾಲುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡೆ. ಹತ್ತು ಕಾಲು. ಹತ್ತೂವರೆ. ಒಂದು ತಪ್ಪು. ಎರಡು ತಪ್ಪು. ಅದೇ ಪಟ್ಟಿ ಎರಡು ಸಲ. ಬಂದವನು ಎಂದಿನವನಲ್ಲ, ನೋಡು ಎಂದು ಯಂತ್ರ ಹೇಳುತ್ತಲೇ ಇತ್ತು. ನಾನು ಧೂಳು ಒರೆಸು ಎಂದಿದ್ದೆ.

ಅಣ್ಣ ಕೆ.ಆರ್. ನಗರದ ಕೇಂದ್ರದ ಜಗಲಿಯ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಷರ್ಟು, ಗುಂಡಿ ಒಂದು ಮೇಲೆ ಒಂದು ಕೆಳಗೆ. ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೆಯ ಫ್ಲಾಪಿ. ನನ್ನನ್ನು ಕಂಡು ಮುಖ ಅರಳಿತು.

“ಎಲ್ಲೋಗಿದ್ದೆ ಅಮ್ಮಿ? ಆಗ್ಲಿಂದ ಕಾಯ್ತಾ ಇವ್ನಿ. ಬಾಗಿಲು ಯಾಕ್ ಹಾಕ್ಬುಟ್ಟೆ ನಂಗೆ?”

ಅವನ ಷರ್ಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದೆ. ಅವನೇನೋ ತಿಳಿದವನಂತೆ ಹುಬ್ಬೇರಿಸಿ, “ನಾಲಿಗೆ ತೋರ್ಸು,” ಎಂದ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದರು. ಒಳಗೆ ಗೆಡ್ಡೆ ಬೆಳೆದಿತ್ತು. ಅತ್ತಿಗೆ ಕಾರಿಡಾರಿನ ಗೋಡೆಗೆ ಒರಗಿಕೊಂಡು, ತನಗೇ ಹೇಳಿಕೊಳ್ಳುವ ಹಾಗೆ, “ಕಾಪಿಗೆ ಉಪ್ಪು ಹಾಕ್ಕಂಡು ಕುಡುದ್ರು ಕಣವ್ವ ಒಂದಿನ. ನಾನು ನಕ್ಬುಟ್ಟೆ,” ಎಂದಳು. ನಾವಿಬ್ಬರೂ ನಕ್ಕವರೇ. ಡಾಕ್ಟರು ಒಬ್ಬರೇ ಇದ್ದಾಗ ಕೇಳಿದೆ, ಎರಡು ಮೂರು ತಿಂಗಳು ಮುಂಚೆ ಕರೆದುಕೊಂಡು ಬಂದಿದ್ದರೆ? ಅವರು ಫಿಲ್ಮನ್ನು ಬೆಳಕಿಗೆ ಹಿಡಿದುಕೊಂಡೇ, “ಇದು ಇರೋ ಜಾಗಕ್ಕೆ ಏನೂ ವ್ಯತ್ಯಾಸ ಆಗ್ತಿರಲಿಲ್ಲ,” ಎಂದರು. ನಿಜವಾಗಿ ಹೇಳಿದರೋ, ನನ್ನ ಮುಖ ನೋಡಿ ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ನಾಲಿಗೆ ತೋರಿಸಿ ಎಂದು ಅವರನ್ನು ಕೇಳುವ ಹಾಗಿರಲಿಲ್ಲ.

ಅಣ್ಣನಿಗೆ ಕೆಲವು ದಿನ ಪೂರ್ತಿ ಬುದ್ಧಿ ಇರುತ್ತಿತ್ತು. ಅಂಥ ಒಂದು ಬೆಳಿಗ್ಗೆ, ಅವನಿಗೆ ಇಡ್ಲಿ ತಿನ್ನಿಸುತ್ತ ನಾನೇ ಹೇಳಿದೆ. ಉತ್ತರ ತಪ್ಪು ಎಂದು ಬಾಯಿ ಬಿಡಬಾರದೆಂಬ ನಿಯಮದಿಂದ ಇನ್ನು ಆಗಬೇಕಾದದ್ದು ಏನೂ ಉಳಿದಿರಲಿಲ್ಲ.

“ಅವತ್ತು ನಾನೇ ಬಾಗಿಲು ಹಾಕ್ದೆ ಅಣ್ಣ. ನೀನು ಉತ್ತರ ತಪ್ಪಾಗೇಳ್ದೆ.”

“ಏನ್ ತಪ್ಪಾಗೇಳ್ದೆ?”

“ನೇರಳೆ ಅಂದೆ.”

“ನೇರಳೆನೇ ಅಲ್ವಾ?”

“ಹೌದು. ಆದ್ರೆ ನೀನು ಹುಣಸೆ ಅಂತ ಬರೆಸಿದ್ದೆ. ಯಾವ ಕಳ್ಳನ ತಲೆಗೂ ಹೊಳೀಬಾರ್ದು ಅಂತ.”

ಅವನು ಬಾಯಲ್ಲಿದ್ದ ಇಡ್ಲಿ ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ನಗು ಬಂತು. ಹಳೆಯ ನಗುವೇ.

“ಅಂಗಾದ್ರೆ ಸುಳ್ಳು ಮರ್ತೋಯ್ತು, ನಿಜ ಉಳ್ಕಂತು. ಒಳ್ಳೇದೇ ಆಯ್ತು ಬುಡು.” ಕೈ ಎತ್ತಿ ನನ್ನ ತಲೆಯ ಮೇಲೆ ಇಟ್ಟ. “ನೀನ್ ಮಾಡಿದ್ದು ಸರಿಯೇ ಕಣಮ್ಮಿ. ಆ ಮಗಿನ ತಾಯಿ ಬಂದು ಕುಂತಿದ್ದ ಬೆಂಚು ನಾನೂ ನೋಡಿವ್ನಿ.”

ಆ ಮಾತು ಆಡಿದ ಅಣ್ಣನೇ ಮಧ್ಯಾಹ್ನ ನನ್ನನ್ನು ಅವ್ವ ಎಂದು ಕರೆದ. ನಾನು ಓ ಎಂದೆ. ಆಮೇಲೆ ಅವನಿಗೆ ನಾನು ಅವ್ವನೇ ಆದೆ. ಕಾರ್ತಿಕದ ಹೊತ್ತಿಗೆ ತೀರಿಕೊಂಡ.

ನಾನು ಮಾಡಿದ್ದು ಸರಿ ಎಂದು ಅವನು ಹೇಳಿದನಲ್ಲ, ಅದರಿಂದ ನನಗೆ ಸಮಾಧಾನವಾಗಲಿಲ್ಲ. ಬಾಗಿಲು ಹಾಕಿದ್ದಕ್ಕೆ ನಾನು ಅಷ್ಟು ಅಳುವುದಿಲ್ಲ. ಅದಕ್ಕೆ ಮುಂಚೆ, ಮೂರನೆಯ ತಪ್ಪು ಆಗಲಿಲ್ಲವೆಂದು ಸುಮ್ಮನಿದ್ದ ಆ ಬೇಸಿಗೆಗೆ ಅಳುತ್ತೇನೆ. ಬೇರೆಯವರ ಸಾಲನ್ನು ಅನುಮಾನದಿಂದ ನೋಡುವುದನ್ನು ಕಲಿತಿದ್ದೆ. ಅಣ್ಣನ ಸಾಲನ್ನು ಅಕ್ಕರೆಯಿಂದ ನೋಡಿದೆ. ಅಷ್ಟು ಅನುಮಾನವಾದರೂ ಅವನಿಗೆ ಸಿಕ್ಕಬೇಕಿತ್ತು.

ಹಂಪಾಪುರದ ಕೇಂದ್ರ ಆಷಾಢದಿಂದಲೇ ಮುಚ್ಚಿತ್ತು. ಪರದೆಯ ಮೇಲೆ ಅದರ ಜಾಗ ಖಾಲಿಯಾಗಿ ಹತ್ತಕ್ಕೆ ಗಾವಡಗೆರೆ ಕೇಂದ್ರದ ಸಾಲು ಮೊದಲು ಬರತೊಡಗಿತು. ಅಣ್ಣ ತೀರಿಕೊಂಡು ಮೂರು ತಿಂಗಳಾದ ಮೇಲೆ ಡಾಕ್ಟರಮ್ಮ ಅತ್ತಿಗೆಯನ್ನು ಕರೆಸಿದರು. ಅವಳು ಎಸ್ಸೆಸ್ಸೆಲ್ಸಿ ಓದಿದವಳು. ಅಣ್ಣನ ಪಕ್ಕದಲ್ಲಿ ಕೂತು ಪಟ್ಟಿ ಓದಿ ಹೇಳಿ ರೂಢಿಯಿದ್ದವಳು. ಅವಳಿಗೆ ಎರಡು ತಿಂಗಳು ಕಲಿಸಿದೆವು. ಭಾಯಿ ಫ್ಲಾಪಿ ಮಾಡಿ ಕೈಗೆ ಕೊಟ್ಟು, “ತಂಗಿ, ಹಬ್ಬದ ದಿನ ಇದನ್ನ ಪೆಟ್ಟಿಗೆಯಲ್ಲೇ ಇಡು,” ಎಂದು ಹೇಳಿ ಹೊರಗೆ ಹೋದರು.

ನಾನು ಪುಸ್ತಕ ತೆರೆದು ಹೊಸ ಹಾಳೆಗೆ ಕೈ ಹಾಕಿದೆ. “ಅತ್ತಿಗೆ, ಒಂದು ಪ್ರಶ್ನೆ, ಒಂದು ಉತ್ತರ ಹೇಳಬೇಕು. ನಿಮಗೆ ಬೇಕಾದ್ದು.”

“ಅವ್ರುದ್ದು ಏನಿತ್ತು?”

ಪುಸ್ತಕ ತಿರುಗಿಸಿ ತೋರಿಸಿದೆ. ಅಣ್ಣನ ರುಜು, ಅದರ ಉದ್ದನೆಯ ಬಾಲ. ಪಕ್ಕದಲ್ಲಿ ನನ್ನ ಅಕ್ಷರದಲ್ಲಿ ‘ಉತ್ತರ ತಪ್ಪು’. ಅವಳು ಅದನ್ನೆಲ್ಲ ನಿಧಾನವಾಗಿ ಓದಿದಳು.

“ಅದೇ ಇರ್ಲಿ,” ಎಂದಳು.

“ಪ್ರಶ್ನೆನಾ?”

“ಎರಡೂ. ಹುಣಸೆ ಅಂತ್ಲೇ ಬರ್ಕೊ.”

“ಇಲ್ಲದ ಮರ ನೆನಪಲ್ಲಿ ಇಟ್ಕೊಳೋದು ಕಷ್ಟ ಅತ್ತಿಗೆ.”

“ಅವ್ರ ಕೈಲಿ ಆಗ್ಲಿಲ್ಲ,” ಎಂದಳು. “ನಾನ್ ಇಟ್ಕತೀನಿ.”

ಒಂದು ವರ್ಷದವರೆಗೂ ಅವಳ ಸಾಲು ಒಮ್ಮೆಯೂ ಕೆಂಪಾಗಲಿಲ್ಲ. ದಿನಾ ಹತ್ತಕ್ಕೆ ಬಂದು, ಇದ್ದಷ್ಟು ಹೊತ್ತು ಇದ್ದು ಹೋಗುತ್ತಿತ್ತು. ಹಂಪಾಪುರ ಎಂಬ ಅಕ್ಷರ ಮೂಡುವಾಗ ಪ್ರತಿ ದಿನ ಒಂದು ಕ್ಷಣ ನನ್ನ ಕೈ ನಿಲ್ಲುತ್ತಿತ್ತು. ಒಂದು ದಿನ ಸಾಲು ಹತ್ತು ಕಾಲಿಗೆ ಬಂತು. ಪಾಸ್‌ವರ್ಡು ಒಂದು ಸಲ ತಪ್ಪಿ ಸರಿಯಾಯಿತು. ಬಿಳಿಯೇ ಇದ್ದು, ಪಟ್ಟಿ ಕಳಿಸಿ ಹೋಯಿತು. ನಿಯಮದ ಪ್ರಕಾರ ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಆದರೂ ಫೋನು ತಿರುಗಿಸಿದೆ.

“ಅತ್ತಿಗೆ, ಹಿತ್ಲಲ್ಲಿ ಇದ್ದ ಮರ ಯಾವ್ದು?”

“ಯಾಕವ್ವ, ಏನಾಯ್ತು? ಕರೆಂಟ್ ಹೋಗಿತ್ತು, ಅದ್ಕೇ ತಡ ಆಯ್ತು.”

“ಏನೂ ಆಗಿಲ್ಲ. ಹೇಳಿ.”

ಆ ಕಡೆ ರಸ್ತೆಯಲ್ಲಿ ಲಾರಿಯೊಂದು ಹೋಗುವವರೆಗೆ ಅವಳು ಕಾದಳು. ಆಮೇಲೆ ಒಂದೊಂದೇ ಅಕ್ಷರವಾಗಿ, ಪಾಠ ಒಪ್ಪಿಸುವ ಹಾಗೆ, “ಹುಣಸೆ,” ಎಂದಳು.

“ಸರಿ ಅತ್ತಿಗೆ,” ಎಂದೆ. ಇಬ್ಬರೂ ಫೋನು ಇಡಲಿಲ್ಲ.